ಮೈಸೂರಿನ ಗಾಡಿ, ಉರಿಗಾಂ ಬುಷ್

ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದೆ. ಬೇಲಿಯಾಚೆ ಪಕ್ಕದ ಮನೆಯ ಹುಡುಗ ತಗಡಿನ ಶೆಡ್ಡಿನಿಂದ ಅವನ ತಾತನ ಜಾವಾ ಗಾಡಿಯನ್ನು ಎಳೆದು ಹೊರಗೆ ತರುತ್ತಿದ್ದ. ಎರಡು ಟೈರಿನಲ್ಲೂ ಗಾಳಿಯಿಲ್ಲ. ಸೀಟಿನ ಸ್ಪಂಜನ್ನು ಇಲಿ ತಿಂದು ಮುಗಿಸಿದೆ. ಟ್ಯಾಂಕಿನ ಮೇಲೆ ನಮ್ಮ ಉರಿಗಾಂ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದು ಧೂಳು ಹಿಟ್ಟಿನ ಹಾಗೆ ಕೂತಿದೆ. ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದವನೇ ಒಳಗೆ ಹೋಗಿ ಕಟಿಂಗ್ ಮೆಷಿನ್ ತಂದ.

"ಅಂಕಲ್, ನಿಮ್ಮನೆಯಿಂದ ವಯರ್ ಎಳ್ಕೊಳ್ಳಲಾ? ನಮ್ಮ ಪ್ಲಗ್ಗಿನಲ್ಲಿ ಕರೆಂಟ್ ಬರ್ತಿಲ್ಲ."

"ಏನು ಕೊಯ್ತೀಯಪ್ಪಾ?"

"ಹಿಂದಿನ ಫ್ರೇಮ್. ಇಲ್ಲಿಂದ ಇಲ್ಲಿಗೆ" ಎಂದು ಬೆರಳಲ್ಲಿ ಗೆರೆ ಎಳೆದು ತೋರಿಸಿದ. ಮೊಬೈಲ್ ತೆಗೆದು ಫೋಟೋ ತೋರಿಸಿದ. ದಪ್ಪ ಟೈರು, ಒಂಟಿ ಸೀಟು, ಹಿಂದಿನ ಮಡ್‌ಗಾರ್ಡ್ ಮೊಟಕು, ಮೈಯೆಲ್ಲ ಕಪ್ಪು ಬಣ್ಣ. "ಬಾಬರ್ ಅಂತಾರೆ ಅಂಕಲ್. ಬೆಂಗಳೂರಲ್ಲಿ ಇದಕ್ಕೆ ಎಷ್ಟು ಜನ ಹುಚ್ಚರಾಗವ್ರೆ ಗೊತ್ತಾ?"

ನಾನು ಲೋಟವನ್ನು ಬೇಲಿಯ ಕಲ್ಲುಕಂಬದ ಮೇಲಿಟ್ಟೆ. "ಕೊಯ್ಯೋದಕ್ಕೆ ಐದು ನಿಮಿಷ ಸಾಕು ಮಗಾ. ಅದಕ್ಕೆ ಮುಂಚೆ ನಂಗೆ ನಾಲ್ಕು ಭಾನುವಾರ ಕೊಡು. ಆಮೇಲೂ ಕೊಯ್ಯಬೇಕು ಅನ್ನಿಸಿದರೆ ವಯರ್ ನಾನೇ ಎಳೆದುಕೊಡ್ತೀನಿ" ಅಂದೆ. ಅವನು ಮುಖ ಸಣ್ಣದು ಮಾಡಿಕೊಂಡರೂ ಮೆಷಿನ್ ಕೆಳಗಿಟ್ಟ. ಆ ನಾಲ್ಕು ಭಾನುವಾರದ ಮಾತುಕತೆಯೇ ಈ ಹರಟೆ.

ಆ ಗಾಡಿಯನ್ನು ನಾನು ಬಲ್ಲೆ. 1970ರಲ್ಲಿ ಹುಡುಗನ ತಾತ ಅದನ್ನು ಈ ಬೀದಿಗೆ ತಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಅವರು ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಭೂಮಿಯ ಕೆಳಗಿನಿಂದ ಜನರನ್ನು ಹೊತ್ತ ಪಂಜರವನ್ನು ಹಗ್ಗದ ಮೇಲೆ ಏರಿಸುವ, ಇಳಿಸುವ ಕೆಲಸ. ಶಾಫ್ಟಿನ ಬಾಯಿ ಅವರ ಕಣ್ಣಿಗೆ ಬೀಳುವುದಿಲ್ಲ. ಗಂಟೆಯ ಸಂಜ್ಞೆ, ಮುಂದಿರುವ ಆಳದ ಮುಳ್ಳು, ಯಂತ್ರದ ಸದ್ದು ಇವನ್ನೇ ನಂಬಿ ಲಿವರ್ ಹಿಡಿಯಬೇಕು. ಕೇಜಿನಲ್ಲಿ ನಿಂತವರ ಪ್ರಾಣವೆಲ್ಲ ಆ ಕೈಯಲ್ಲಿ. ಆ ಕಿವಿಯನ್ನು ಅವರು ಮನೆಗೂ ತರುತ್ತಿದ್ದರು. ಬೀದಿಯಲ್ಲಿ ಯಾರದಾದರೂ ಗಾಡಿ ಹೋದರೆ ಕೂತಲ್ಲಿಂದಲೇ "ಅವನ ಪಾಯಿಂಟ್ ಗ್ಯಾಪ್ ಜಾಸ್ತಿ ಆಗೈತೆ" ಅನ್ನುವರು. ನಾನು ಅವರನ್ನು ಮಾಮ ಎಂದು ಕರೆಯುತ್ತಿದ್ದೆ. ಸ್ಪ್ಯಾನರ್ ಹಿಡಿಯುವುದನ್ನು ಕಲಿತದ್ದು ಅವರ ಅಂಗಳದಲ್ಲಿ. ಆಮೇಲೆ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿದೆ. 1986ರಲ್ಲಿ ಸ್ವಂತ ಸಂಬಳದಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಕೊಂಡೆ. ಅದು ಇಂದಿಗೂ ನನ್ನ ಜಗಲಿಯ ಪಕ್ಕದಲ್ಲಿದೆ, ವಾರಕ್ಕೊಮ್ಮೆ ಬೇತಮಂಗಲದ ಕೆರೆ ಏರಿಯವರೆಗೆ ಹೋಗಿ ಬರುತ್ತದೆ.

ಮೊದಲ ಭಾನುವಾರ ನಾವು ಗಾಡಿಗೆ ಕೈಯನ್ನೇ ಹಚ್ಚಲಿಲ್ಲ. ತೊಳೆದೆವು, ಅಷ್ಟೆ. ತೊಳೆಯುತ್ತಾ ಹುಡುಗನಿಗೆ ಗಾಡಿಯ ಕುಲಗೋತ್ರ ಹೇಳಿದೆ.

ಜಾವಾ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬವನು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಕ್ಕೆ ವಾಂಡರರ್‌ನ ಎರಡಕ್ಷರ ಸೇರಿಸಿ ಜಾವಾ ಎಂದ. ನಮ್ಮ ದೇಶಕ್ಕೆ ಮೊದಲು ಅದು ಬೊಂಬಾಯಿಯ ಇರಾನಿ ಮನೆತನದವರ ಮೂಲಕ ಆಮದಾಗಿ ಬರುತ್ತಿತ್ತು. ಆಮದಿನ ದಾರಿ ಮುಚ್ಚಿತು. ಆಗ ಇಲ್ಲೇ ಮಾಡೋಣ ಎಂದು ಹೊರಟವರಿಗೆ ನೆಲೆ ಸಿಕ್ಕಿದ್ದು ಮೈಸೂರಿನ ಯಾದವಗಿರಿಯಲ್ಲಿ, ಜಯಚಾಮರಾಜ ಒಡೆಯರ ಒತ್ತಾಸೆಯಿಂದ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಆಯಿತು, ಮರುವರ್ಷ ಗಾಡಿಗಳು ಹೊರಗೆ ಬಂದವು. ಎಪ್ಪತ್ತರ ದಶಕದಲ್ಲಿ ಜೆಕ್ ಹೆಸರು ಬಿಟ್ಟು ಯೆಜ್ಡಿ ಆಯಿತು. ಇರಾನಿಗಳ ಪೂರ್ವಿಕರ ಊರು ಯಜ್ದ್, ಅದರ ನೆನಪಿಗೆ ಇಟ್ಟ ಹೆಸರು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

"ಈಗ ಷೋರೂಮಲ್ಲಿ ಬರ್ತಿದೆಯಲ್ಲ ಅಂಕಲ್, ಜಾವಾ?"

"ಬರ್ತಿದೆ. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು. ಒಳ್ಳೇ ಗಾಡಿಗಳೇ. ಆದರೆ ಅವು ಫೋರ್ ಸ್ಟ್ರೋಕ್. ಇದರ ಒಂದು ಬೋಲ್ಟೂ ಅದಕ್ಕೆ ಕೂರಲ್ಲ."

ಇದರ ಎಂಜಿನ್ ಎಷ್ಟು ಸರಳ ಎಂದರೆ ತೆರೆದು ತೋರಿಸಿದರೆ ಹತ್ತನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. 248.5 ಸಿಸಿ, ಒಂದೇ ಸಿಲಿಂಡರ್, 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದೇ ಕಿಂಡಿಯನ್ನು ಮುಚ್ಚುತ್ತದೆ, ತೆರೆಯುತ್ತದೆ. ಹೊಗೆ ಹೋಗಲು ಎರಡು ಕಿಂಡಿ, ಅದಕ್ಕೇ ಎರಡು ಪಕ್ಕಕ್ಕೂ ಸೈಲೆನ್ಸರ್. ಗೇರ್ ಲಿವರೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಬಿಟ್ಟರೆ ಗೇರ್. ಗೇರ್ ಒತ್ತಿದರೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ, ಕೈ ಹಾಕಬೇಕಾಗಿಲ್ಲ. ಚೈನು ಪೂರಾ ಡಬ್ಬಿಯೊಳಗೆ ಭದ್ರ. ಈ ಚೈನ್ ಡಬ್ಬಿ ನಮ್ಮೂರಿಗೆಂದೇ ಮಾಡಿದ್ದೇನೋ ಎಂದು ಮಾಮ ಹೇಳುತ್ತಿದ್ದರು. ಗಾಳಿ ಎದ್ದ ದಿನ ದಿಬ್ಬದ ಪುಡಿ ಹಾರಿ ಬಂದರೆ ಒಣಗಲು ಹಾಕಿದ ಬಟ್ಟೆ, ಅನ್ನದ ತಟ್ಟೆ, ಗಾಡಿಯ ಏರ್ ಫಿಲ್ಟರ್ ಯಾವುದನ್ನೂ ಅದು ಬಿಡುವುದಿಲ್ಲ. ಗಣಿಯಿಂದ ತೆಗೆದ ಕಲ್ಲನ್ನು ನುಣ್ಣಗೆ ಅರೆದು, ಚಿನ್ನ ಕರಗಿಸಿಕೊಂಡು ಬಿಸಾಡಿದ ಪುಡಿ ಅದು. ಅರೆದ ಕಲ್ಲಿನ ಪುಡಿ ಪಿಸ್ಟನ್ನಿಗೆ ಹೋದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹೀಗಾಗಿ ಉರಿಗಾಂನಲ್ಲಿ ಹಳೆ ಗಾಡಿ ಇಟ್ಟುಕೊಂಡವರು ಏರ್ ಫಿಲ್ಟರನ್ನು ಬೇರೆ ಊರಿನವರಿಗಿಂತ ಬೇಗ ಬೇಗ ಬಿಚ್ಚಿ ಒದರುತ್ತಾರೆ.

ನಾವು ಮಾತಾಡುವುದನ್ನು ಕೇಳುತ್ತಾ ಹುಡುಗನ ತಾಯಿ ಹೊಸ್ತಿಲ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ತಡೆಯಲಾರದೆ ಮಾತು ಸೇರಿಸಿದರು.

"ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನೈಟ್ ಶಿಫ್ಟ್ ಮುಗಿಸ್ಕೊಂಡು ಮಾವನೋರು ಬರ್ತಿದ್ರು. ಮೂಲೇಲಿ ಗಾಡಿ ಸದ್ದು ಕೇಳಿದ ಕೂಡ್ಲೆ ನಮ್ಮತ್ತೆ ಸ್ನಾನದ ನೀರಿಗೆ ಉರಿ ಹಾಕೋರು. ಬಾಗಿಲಿಗೆ ಬರೋ ಹೊತ್ತಿಗೆ ನೀರು ಬೆಚ್ಚಗಾಗಿರೋದು. ಅವರು ಹೋದಮೇಲೆ ಗಾಡೀನ ಯಾರೂ ಮುಟ್ಟಲಿಲ್ಲ ಅಣ್ಣಾ. ಶೆಡ್ಡಲ್ಲಿ ಕೊಳೆಯೋದಕ್ಕಿಂತ ಇವನು ಕೊಯ್ದು ಓಡಿಸಿದ್ರೂ ನಂಗೆ ಸಂತೋಷಾನೇ. ಓಡಿದ್ರೆ ಸಾಕು."

ಅಕ್ಕನ ಮಾತು ನನ್ನನ್ನು ಆ ದಿನವೆಲ್ಲ ಬಿಡಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಗಾಡಿಯನ್ನು ಉಜ್ಜಿ ಹೊಳೆಸಿ, ಬಟ್ಟೆ ಹೊದಿಸಿ, ವರ್ಷಕ್ಕೊಮ್ಮೆ ಫೋಟೋಗೆ ನಿಲ್ಲಿಸುವವರನ್ನು ನಾನು ಕಂಡಿದ್ದೇನೆ. ನಿಂತ ಗಾಡಿಯ ಕಾರ್ಬೊರೇಟರಿನಲ್ಲಿ ಪೆಟ್ರೋಲು ಆರಿ ಅರಗಿನಂತೆ ಅಂಟುತ್ತದೆ. ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲು ಒಣಗಿ ಸೆಟೆಯುತ್ತದೆ. ಈಗಂತೂ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅದಕ್ಕೇ ನಾನು ಗಾಡಿ ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿರುವುದೆಲ್ಲ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೂ ಬಿಡುತ್ತೇನೆ. ಪೈಪನ್ನು ಎಥನಾಲ್ ತಡೆಯುವ ರಬ್ಬರಿನದಕ್ಕೆ ಬದಲಿಸಿದ್ದೇನೆ.

ನಿಂತರೆ ಯಂತ್ರಕ್ಕೆ ಏನಾಗುತ್ತದೆ ಎಂಬುದನ್ನು ನಮ್ಮ ಊರಿಗಿಂತ ಚೆನ್ನಾಗಿ ಯಾರು ಬಲ್ಲರು? 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನ ತೆಗೆಯಲು ಬಂದಲ್ಲಿಂದ ಇಲ್ಲಿ ಒಂದಲ್ಲ ಒಂದು ಯಂತ್ರ ಹಗಲೂ ರಾತ್ರಿ ತಿರುಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದದ್ದು ಈ ಯಂತ್ರಗಳಿಗಾಗಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲಿ ಊರುವ ನೀರನ್ನು ಪಂಪುಗಳು ಬಿಡದೆ ಮೇಲಕ್ಕೆ ಎತ್ತುತ್ತಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ನಾವು ಗ್ರೀಸು ಹಾಕಿ, ಬುಷ್ ಬದಲಿಸಿ, ಹಗಲೂ ರಾತ್ರಿ ಕಾಪಾಡಿದ್ದ ಎಷ್ಟೋ ಸರಂಜಾಮು ಆ ನೀರಿನಡಿಯಲ್ಲಿದೆ. ನಿಲ್ಲಿಸುವ ಗುಂಡಿ ಒತ್ತಲು ಒಂದು ಕ್ಷಣ. ಮತ್ತೆ ಹೊರಡಿಸುವುದಕ್ಕೆ ಯಾರಿಂದಲೂ ಆಗಲಿಲ್ಲ. ಈ ಹುಡುಗ ಹುಟ್ಟಿದ್ದು ಅದೇ ವರ್ಷ.

ಎರಡನೇ ಭಾನುವಾರ ನಾವು ಅವಳಿ ಸೈಲೆನ್ಸರ್ ಬಿಚ್ಚಿದೆವು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸುತ್ತೇವೆ. ಲೀಟರಿಗೆ 40 ಮಿಲಿ, ಅಂದರೆ 25ಕ್ಕೆ 1. ಆ ಆಯಿಲೇ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಜೀವ. ಹಿಂದೆ ಪೆಟ್ರೋಲ್ ಬಂಕಿನಲ್ಲೇ ಟೂಟಿ ಆಯಿಲಿನ ಪುಟ್ಟ ಪಂಪು ಇರುತ್ತಿತ್ತು. ಈಗ ಡಬ್ಬ ಕೊಂಡು ಮನೆಯಲ್ಲಿ ಅಳೆದು ಹಾಕಬೇಕು. ಅಳತೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಮಸಿ ಕಟ್ಟುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರಾ ಮುಚ್ಚಿ ದೂರ ಜಾರಿಕೊಂಡು ಹೋಗಬಾರದು. ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಇದನ್ನು ಹುಡುಗ ಎಲ್ಲೂ ಕೇಳಿರಲಿಲ್ಲ. ಮೊಬೈಲ್ ಕೆಳಗಿಟ್ಟು ಕೇಳತೊಡಗಿದ.

ಸೈಲೆನ್ಸರಿನ ಬಾಲದಿಂದ ಬ್ಯಾಫಲ್ ಎಳೆದಾಗ ಹೊರಗೆ ಬಂದದ್ದು ಕಲ್ಲಿದ್ದಲಿನಂತೆ ಗಟ್ಟಿಯಾದ ಮಸಿ. ಮೂರು ಕಲ್ಲು ಇಟ್ಟು, ಕರಟ, ತೆಂಗಿನ ಗರಿ ಒಟ್ಟಿ ಉರಿ ಮಾಡಿದೆವು. ಬ್ಯಾಫಲ್ ಕೆಂಪಗೆ ಕಾದಾಗ ಒಳಗಿನ ಮಸಿ ತಾನೇ ಹೊತ್ತಿಕೊಂಡು ಸಣ್ಣ ನೀಲಿ ಜ್ವಾಲೆ ರಂಧ್ರ ರಂಧ್ರದಲ್ಲೂ ಆಡಿತು. ಆರಿದಮೇಲೆ ಕಲ್ಲಿಗೆ ಮೆಲ್ಲಗೆ ಬಡಿದರೆ ಬೂದಿ ಸುರಿಯಿತು, ತಗಡು ತನ್ನ ಬಣ್ಣಕ್ಕೆ ಬಂತು. ನಮ್ಮ ಕಡೆ ಹೊಸಬರು ಈ ಬ್ಯಾಫಲನ್ನು ಕಿತ್ತೆಸೆದು ಸದ್ದು ಜೋರು ಮಾಡಿಕೊಳ್ಳುತ್ತಾರೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಕೊಳವೆಯಾಗಿ ಇರುವುದಿಲ್ಲ. ಅದರೊಳಗಿನ ಒತ್ತಡದ ಅಲೆ ಹಿಂದಕ್ಕೆ ಬಡಿದು ಹೊಸ ಪೆಟ್ರೋಲ್ ಗಾಳಿ ಸೋರಿಹೋಗದಂತೆ ತಡೆಯುತ್ತದೆ. ಬ್ಯಾಫಲ್ ಕಿತ್ತರೆ ಆ ಲೆಕ್ಕ ತಪ್ಪಿ ಗಾಡಿಯ ಎಳೆತವೇ ಹೋಗುತ್ತದೆ. ಬೀದಿಯ ಮಕ್ಕಳ ನಿದ್ದೆಯೂ ಹೋಗುತ್ತದೆ.

ಆ ಭಾನುವಾರ ಸಂಜೆ ಟ್ಯಾಂಕಿನ ಬಣ್ಣ ನೋಡಿದೆವು. ಮೇಲೆ ಕಪ್ಪು. ಮೊಣಕಾಲು ಒರಗುವ ರಬ್ಬರ್ ಪ್ಯಾಡ್ ಬಿಚ್ಚಿ, ಅದರಡಿಯಲ್ಲಿ ರೂಪಾಯಿ ಅಗಲದ ಜಾಗವನ್ನು ವಾಟರ್ ಪೇಪರಿನಿಂದ ನೀರು ಹಾಕಿಕೊಂಡು ತಿಕ್ಕಿದೆ. ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ತೆಳ್ಳನೆಯ ಬೂದು ಪ್ರೈಮರ್, ಅದರ ಕೆಳಗೆ ಕುಂಕುಮಕ್ಕೂ ದಾಳಿಂಬೆಗೂ ನಡುವಿನ ಆ ಮರೂನ್. ಯಾದವಗಿರಿಯಲ್ಲಿ ಹಚ್ಚಿದ್ದು. ಹುಡುಗ ಅದರ ಮೇಲೆ ಬೆರಳಾಡಿಸಿ "ತಾತನ ಫೋಟೋ ಬ್ಲ್ಯಾಕ್ ಅಂಡ್ ವೈಟು ಅಂಕಲ್, ನಂಗೆ ಗೊತ್ತೇ ಇರಲಿಲ್ಲ" ಅಂದ.

ಮೂರನೇ ಭಾನುವಾರ ಎಂಜಿನ್ ಇಳಿಸಿದೆವು. ಎಡಗಡೆ ಕವರ್ ತೆಗೆದು ಕಿಕ್ ಶಾಫ್ಟ್ ಎಳೆದಾಗ ಅದರೊಂದಿಗೆ ಒಂದು ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಲೋಹದ ಬಳೆ, ಹೊರಗೆ ಬಂತು. ಹುಡುಗ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಗೈ ಮೇಲಿಟ್ಟು ತಂದ. "ಇದು ಬೇರೆ ಥರ ಇದೆ. ಕಂಪನೀದಲ್ಲ ಅನ್ಸುತ್ತೆ."

ಬೆಳಕಿಗೆ ಹಿಡಿದು ನೋಡಿದೆ. ಗನ್‌ಮೆಟಲ್. ಹೊರಗಡೆ ಲೇತಿನ ಉಳಿ ಹೋದ ಗೆರೆಗಳು ಒಂದೇ ಸಮ, ಉಗುರಿಗೆ ಸಿಕ್ಕದಷ್ಟು ನುಣುಪು. ಒಳಗಡೆ ಆಯಿಲ್ ಹರಿಯಲು ಒಂದು ಸುರುಳಿ ಕಾಲುವೆ, ಅದನ್ನು ಕೈಯಲ್ಲೇ ಕೊರೆದಿದ್ದಾರೆ. ಎರಡು ಅಂಚಿನ ಮೂಲೆಯನ್ನೂ ಅರದಿಂದ ಮುರಿದಿದ್ದಾರೆ, ಶಾಫ್ಟ್ ಕಚ್ಚದಿರಲೆಂದು. ಆ ಕಾಲುವೆಯ ತಿರುವು ನನಗೆ ಗೊತ್ತು. ವೈಂಡಿಂಗ್ ಎಂಜಿನ್ನಿನ ದೊಡ್ಡ ಬುಷ್‌ಗಳಿಗೆ ನಮ್ಮ ವರ್ಕ್‌ಶಾಪಿನ ಹಿರಿಯ ಟರ್ನರುಗಳು ಹಾಕುತ್ತಿದ್ದ ತಿರುವೇ ಅದು. ಯಾರೋ ಅದೇ ಬುದ್ಧಿಯನ್ನು ಹೆಬ್ಬೆರಳ ಗಾತ್ರಕ್ಕೆ ಇಳಿಸಿ ಈ ಜಾವಾಗೆ ಕೂರಿಸಿದ್ದಾರೆ. ಮೈಕ್ರೋಮೀಟರ್ ಹಾಕಿದೆ. ಅಷ್ಟು ವರ್ಷ ಒದೆಸಿಕೊಂಡರೂ ಸವೆದದ್ದು ಏನೂ ಇಲ್ಲವೆನ್ನುವಷ್ಟು.

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಹುಡುಗನಿಗೆ ನಾನು ಅಲ್ಲಿಯವರೆಗೆ ಹೇಳುತ್ತಾ ಬಂದದ್ದೇನು? ಗಾಡಿ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಒಂದು ಸ್ಕ್ರೂ ಕೂಡ ಬದಲಾಗಬಾರದು ಎಂದು. ಈ ಬುಷ್ ನನ್ನ ಮಾತನ್ನು ತಿದ್ದಿತು. ಇಲ್ಲಿನ ಗಾಡಿಗಳು ಮೈಸೂರಿನಲ್ಲಿ ಹುಟ್ಟಿದರೂ ಬದುಕಿದ್ದು ಉರಿಗಾಂ ಕೈಗಳಲ್ಲಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಲು ಒಂದು ದಿನದ ಸಂಬಳ ಬಿಡಬೇಕಾಗಿದ್ದ ಕಾಲದಲ್ಲಿ ಫಿಟ್ಟರು, ಟರ್ನರು, ವೆಲ್ಡರುಗಳು ಗೆಳೆಯನ ಗಾಡಿಗೆಂದು ರಾತ್ರಿ ಕೂತು ಮಾಡಿಕೊಟ್ಟ ಚೂರುಗಳು ಇವುಗಳ ಹೊಟ್ಟೆಯಲ್ಲಿವೆ. 1964ರಲ್ಲಿ ಬಿಇಎಂಎಲ್ ಕಾರ್ಖಾನೆ ಬಂದಮೇಲೆ ಆ ಕೈಗಳು ಇನ್ನೂ ಹೆಚ್ಚಿದವು. ಇಂಥ ಬದಲಾವಣೆಯನ್ನು ತೆಗೆದು ಕಂಪನಿಯ ಬುಷ್ ಹಾಕಿದರೆ ಗಾಡಿ ಹಳೆಯ ರೂಪಕ್ಕೆ ಬಂತು ಎನ್ನಬಹುದು, ಆದರೆ ನಮ್ಮೂರು ಅದರಿಂದ ಹೊರಟುಹೋಗುತ್ತದೆ.

"ಹಾಗಾದ್ರೆ ನಾನು ಬದಲಾಯಿಸಿದ್ರೂ ಅದೇ ಅಲ್ವಾ ಅಂಕಲ್? ತಾತನ ಕಾಲದೋರು ಅವರಿಗೆ ಬೇಕಾದ ಹಾಗೆ ಮಾಡಿಕೊಂಡ್ರು, ನಾನು ನಂಗೆ ಬೇಕಾದ ಹಾಗೆ."

ನ್ಯಾಯವಾದ ಪ್ರಶ್ನೆ. ಬೇಲಿಗೆ ಮೊಣಕೈ ಊರಿ ಬಹಳ ಹೊತ್ತು ಯೋಚಿಸಿ ಹೇಳಿದೆ. "ನೋಡು, ಈ ಬುಷ್ ಮಾಡಿದೋನು ಕ್ರ್ಯಾಂಕ್‌ಕೇಸನ್ನ ಮುಟ್ಟಿಲ್ಲ. ತೂತು ಅಗಲ ಮಾಡಿಲ್ಲ. ನಾಳೆ ಕಂಪನಿ ಬುಷ್ ಸಿಕ್ಕಿದ್ರೆ ಹಾಕ್ಕೊಳ್ಳಲಿ ಅಂತ ಜಾಗ ಹಂಗೇ ಬಿಟ್ಟವ್ನೆ. ಮುಂದೆ ಬರೋ ಕೈಗೆ ಮರ್ಯಾದೆ ಕೊಟ್ಟವ್ನೆ. ನೀನು ಫ್ರೇಮ್ ಕೊಯ್ದರೆ ಮುಂದೆ ಬರೋನಿಗೆ ಏನು ಉಳಿಯುತ್ತೆ?"

ಕೊಯ್ದದ್ದು ಮರಳಿ ಬರುವುದಿಲ್ಲ ಎಂಬುದನ್ನು ನಾನು ನನ್ನ ರೋಡ್‌ಕಿಂಗ್‌ನಿಂದಲೇ ಕಲಿತವನು. ಒಮ್ಮೆ ಅವಸರದಲ್ಲಿ ಬೇರೆ ಊರಿನ ಒಂದು ವರ್ಕ್‌ಶಾಪಿಗೆ ಸಿಲಿಂಡರ್ ಬೋರ್ ಮಾಡಿಸಲು ಕೊಟ್ಟೆ. ಕಾಲು ಮಿಲಿಮೀಟರ್ ತೆಗೆದರೆ ಸಾಕಾಗಿದ್ದಲ್ಲಿ ಒಂದು ಮಿಲಿಮೀಟರ್ ತೆಗೆದು ಕೊಟ್ಟರು. ಪಿಸ್ಟನ್ನಿನ ಓವರ್‌ಸೈಜ್ ಕಾಲು ಕಾಲು ಮಿಲಿಮೀಟರಿನ ಮೆಟ್ಟಿಲಲ್ಲಿ ಬರುತ್ತದೆ. ಒಂದೊಂದು ಮೆಟ್ಟಿಲೂ ಎಷ್ಟೋ ವರ್ಷದ ಓಟ. ನನ್ನ ಗಾಡಿಯ ಮೂರು ಮೆಟ್ಟಿಲು ಒಂದೇ ಮಧ್ಯಾಹ್ನದಲ್ಲಿ ಚೂರಾಗಿ ಲೇತಿನ ಕೆಳಗೆ ಬಿದ್ದವು. ಆ ನೋವು ಇನ್ನೂ ಹೋಗಿಲ್ಲ. ಲೋಹವನ್ನು ತೆಗೆಯಬಹುದು, ಇದ್ದ ಹಾಗೆ ಮತ್ತೆ ಇಡಲಾಗದು.

ಕಾನೂನೂ ಹುಡುಗನಿಗೆ ಗೊತ್ತಿರಲಿ ಎಂದು ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಇನ್ನೊಂದು ಕಡೆ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಫ್ರೇಮು, ಮೈ, ಎಂಜಿನ್ ಮೂಲದಂತೆ ಇರಬೇಕು. ಹಿಂದೆಯೇ ನೋಂದಣಿಯಾದ ಗಾಡಿಯಾದರೆ ತನ್ನ ಹಳೆಯ ನಂಬರನ್ನು ಇಟ್ಟುಕೊಳ್ಳಬಹುದು. ಹೊಸದಾಗಿ ನೋಂದಣಿ ಮಾಡಿಸಿದರೆ ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಈ ಜಾವಾ 50 ದಾಟಿದೆ, ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಪ್ಲೇಟ್ ಇನ್ನೂ ಅದರ ಮೂಗಿನ ಮೇಲಿದೆ. ಫ್ರೇಮ್ ಕೊಯ್ದರೆ ಆ ಬಾಗಿಲು ಮುಚ್ಚಿತು. ಆದರೆ ವಿಂಟೇಜ್ ಎಂದು ಬರೆಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಷ್ಟಕ್ಕೇ ರಸ್ತೆ. ಅಕ್ಕ ಹೇಳಿದ "ಓಡಿದ್ರೆ ಸಾಕು" ಎಂಬ ಮಾತನ್ನು ಉಳಿಸಿಕೊಳ್ಳಬೇಕಾದರೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಸಾಮಾನ್ಯ ಗಾಡಿಯಂತೆ ಇಟ್ಟುಕೊಳ್ಳುವುದೇ ಸರಿ. ನಾನು ನನ್ನ ರೋಡ್‌ಕಿಂಗ್‌ಗೆ ಹಾಗೇ ಮಾಡಿಸುತ್ತಾ ಬಂದಿದ್ದೇನೆ.

ಹುಡುಗನ ಆಸೆಯನ್ನು ಪೂರಾ ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ. ತನ್ನ ಗಾಡಿ ತನ್ನ ಹಾಗೆ ಕಾಣಬೇಕೆಂಬುದು ವಯಸ್ಸಿನ ಆಸೆ, ಒಳ್ಳೆಯ ಆಸೆ. ನಾನೂ ಹಿಂದೆ ಹ್ಯಾಂಡಲಿಗೆ ಬಣ್ಣದ ಗೊಂಡೆ ಕಟ್ಟಿದವನೇ. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಬುಲೆಟ್ಟಿನ ಟ್ಯಾಂಕಿಗೆ ಚಿನ್ನದ ಗೆರೆಯನ್ನು ಕುಂಚ ಹಿಡಿದು ಕೈಯಿಂದಲೇ ಎಳೆಯುತ್ತಿದ್ದರು. ಒಂದೊಂದು ಗಾಡಿಗೂ ಒಂದೊಂದು ಕೈಬರಹ ಬಂದದ್ದು ಹಾಗೆ. ಹೀಗಾಗಿ ನಾನೂ ಅವನೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಬೋಲ್ಟ್ ಬಿಚ್ಚಿ ಹಾಕುವ ಯಾವುದನ್ನು ಬೇಕಾದರೂ ಅವನು ಬದಲಿಸಲಿ, ಬಿಚ್ಚಿದ್ದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು, ಟ್ರಂಕಿನಲ್ಲಿ ಇಡಲಿ. ಕೊಯ್ಯುವುದು, ಬೆಸುಗೆ ಹಾಕುವುದು, ಎಂಜಿನ್ನಿನ ಮೈ ಕೊರೆಯುವುದು ಬೇಡ. ಅವನು ತಗ್ಗಿನ ಹ್ಯಾಂಡಲ್ ಆರಿಸಿದ. ಸೀಟಿಗೆ ಆಂಡರ್ಸನ್ ಪೇಟೆಯಲ್ಲಿ ಕಂದು ರೆಕ್ಸಿನ್ ಹೊಲಿಸಿದ. ಕನ್ನಡಿಯೆರಡೂ ಹೊಸವು. ಬಣ್ಣ ಮಾತ್ರ ಆ ರೂಪಾಯಿ ಅಗಲದ ಜಾಗ ನೋಡಿ ಕಲೆಸಿದ ಮರೂನೇ ಆಗಬೇಕು ಎಂದು ಅವನಾಗಿಯೇ ಹಟ ಹಿಡಿದ.

ನಾಲ್ಕನೇ ಭಾನುವಾರ ಗಾಡಿ ಜೋಡಿಸಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇಟ್ಟೆವು. ಆ ಗ್ಯಾಪನ್ನು ಫೀಲರ್ ಗೇಜ್ ಇಟ್ಟು ಅವನೇ ಹಿಡಿದ, ನಾನು ಮುಟ್ಟಲಿಲ್ಲ. ಬುಷ್‌ಗೆ ಎಣ್ಣೆ ಹಚ್ಚಿ ಶಾಫ್ಟ್ ಕೂರಿಸಿದ್ದೂ ಅವನೇ. ಕಾರ್ಬೊರೇಟರಿನ ಟಿಕ್ಲರ್ ಒತ್ತಿದಾಗ ಪೆಟ್ರೋಲ್ ಹನಿ ತೊಟ್ಟಿಕ್ಕಿತು. ಲಿವರ್ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಒದ್ದ. ಏನೂ ಇಲ್ಲ. ಇನ್ನೊಮ್ಮೆ ಒದ್ದ. ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಒದ್ದೆ. ಒರೆಸಿ, ಸ್ಟವ್ ಮೇಲೆ ಬೆಚ್ಚಗೆ ಮಾಡಿ ಹಾಕಿದೆವು. "ಕಣ್ಣು ಮುಚ್ಚಿ ಕಾಲಲ್ಲಿ ಹುಡುಕು. ಎಲ್ಲಿ ಗಟ್ಟಿಯಾಗಿ ತಡೆಯುತ್ತೋ ಅಲ್ಲಿ ನಿಲ್ಲಿಸು. ಅದಾದಮೇಲೆ ಒಂದೇ ಒದೆ" ಅಂದೆ. ಅದು ಅವನ ತಾತ ನನಗೆ ಹೇಳಿಕೊಟ್ಟದ್ದು.

ಏಳನೇ ಒದೆಗೆ ಹಿಡಿಯಿತು. ಮೊದಲು ಒಂದು ಕೆಮ್ಮು, ಬಿಳಿ ಹೊಗೆ, ಆಮೇಲೆ ಅದೇ ಜಾವಾ ತಾಳ. ನಿಧಾನಕ್ಕೆ ಬಿಟ್ಟರೆ ಎರಡು ಬಡಿತ, ಒಂದು ಬಿಡುವು, ಮತ್ತೆ ಎರಡು ಬಡಿತ. ಹುಡುಗ ಆಕ್ಸಿಲರೇಟರ್ ತಿರುಗಿಸಲು ಹೋದ. ತಡೆದೆ. "ಸುಮ್ನೆ ಕೇಳು. ಒಂದು ನಿಮಿಷ ಕೇಳು." ಇಬ್ಬರೂ ನಿಂತು ಕೇಳಿದೆವು. "ಸ್ವಲ್ಪ ಅಡ್ಡಾದಿಡ್ಡಿ ಬರ್ತಿದೆ ಅಂಕಲ್, ಗಾಳಿ ಜಾಸ್ತಿ ಎಳ್ಕೊಳ್ತಿದೆಯಾ?" ಎಂದು ಅವನೇ ಕೇಳಿದ. ಸ್ಕ್ರೂಡ್ರೈವರ್ ತಗೊಂಡು ಏರ್ ಸ್ಕ್ರೂ ಕಾಲು ಸುತ್ತು ಒಳಕ್ಕೆ ತಿರುಗಿಸಿದ. ತಾಳ ಒಂದೇ ಸಮ ಕೂತಿತು. ಆ ಕ್ಷಣ ನನಗೆ ಆ ಕಿವಿ ಎಲ್ಲಿಂದ ಬಂತೆಂದು ಗೊತ್ತಾಯಿತು.

ಗಾಡಿ ಬೀದಿಯ ಮೂಲೆಯವರೆಗೆ ಹೋಗಿ ತಿರುಗಿತು. ವಾಪಸ್ಸು ಬರುವ ಸದ್ದು ಕೇಳುತ್ತಲೇ ಅಕ್ಕ ಏನೂ ಹೇಳದೆ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನೀರಿನ ಪಾತ್ರೆ ಒಲೆಯ ಮೇಲೆ ಇಟ್ಟ ಸದ್ದು ಬೇಲಿಯ ಈಚೆಗೂ ಕೇಳಿಸಿತು.